ಕರೆದರೆ ಬರುವ ದೇವರು, ಕರೆಯದೆ ಬರುವ ಗಾಳಿ

ಚಾಮರಾಜನಗರ ಸೀಮೆಯ ಹಳ್ಳಿಗಳಲ್ಲಿ ಒಬ್ಬರ ಮೈಮೇಲೆ ಇನ್ನೊಂದು ಶಕ್ತಿ ಬಂದರೆ ಜನ ಮೊದಲು ನೋಡುವುದು ಹೊತ್ತು ಮತ್ತು ಜಾಗವನ್ನು. ಹಬ್ಬದ ದಿನ ಗುಡಿಯ ಮುಂದೆ ಪೂಜಾರಿಯ ಮೈದುಂಬಿದರೆ ಅದು ದೇವರು. ಸುತ್ತ ನಿಂತವರು ಕೈಮುಗಿದು ಮಾತು ಕೇಳುತ್ತಾರೆ. ಹೊತ್ತಲ್ಲದ ಹೊತ್ತಿನಲ್ಲಿ, ಅಡುಗೆಮನೆಯಲ್ಲೋ ಹೊಲದ ಬದುವಿನ ಮೇಲೋ, ಕರೆಯದೆ ಬಂದು ಹೋಗೆಂದರೆ ಹೋಗದೆ ಕಾಡಿದರೆ ಅದು ಗಾಳಿ, ಸೋಕು, ಪೀಡೆ. ಬಿಡಿಸುವವರನ್ನು ಹುಡುಕಿಕೊಂಡು ಮನೆಯವರು ಹೊರಡುತ್ತಾರೆ. ಮೈ ನಡುಗುವುದು, ಕಣ್ಣು ಮೇಲಾಗುವುದು, ದನಿ ಬದಲಾಗುವುದು, ಆಮೇಲೆ ಏನೂ ನೆನಪಿಲ್ಲವೆನ್ನುವುದು ಎರಡರಲ್ಲೂ ಒಂದೇ. ಈ ಎರಡರ ನಡುವೆ ಗೆರೆ ಎಳೆಯಲು ಆಧುನಿಕ ಮನೋವೈದ್ಯಕ್ಕೆ ನೂರು ವರ್ಷ ಹಿಡಿಯಿತು. ಎಳೆದ ಗೆರೆಯೂ ಹಳ್ಳಿಯವರು ಎಳೆದದ್ದಕ್ಕಿಂತ ಬಹಳ ದೂರವೇನಿಲ್ಲ.

ನೆನಪು, ನಾನು ಇಂಥವನು ಎಂಬ ಅರಿವು, ಸುತ್ತಲಿನ ಎಚ್ಚರ, ಕೈಕಾಲುಗಳ ಮೇಲಿನ ಹಿಡಿತ ಇವೆಲ್ಲ ಸಾಮಾನ್ಯವಾಗಿ ಒಂದಕ್ಕೊಂದು ಹೊಂದಿಕೊಂಡೇ ಕೆಲಸ ಮಾಡುತ್ತವೆ. ಇವುಗಳಲ್ಲಿ ಒಂದೋ ಎರಡೋ ಉಳಿದವುಗಳಿಂದ ಸ್ವಲ್ಪ ಹೊತ್ತು ಕಳಚಿಕೊಳ್ಳುವುದನ್ನು ಡಿಸೋಸಿಯೇಷನ್ ಎನ್ನುತ್ತಾರೆ. ಕನ್ನಡದ ಬರಹಗಳಲ್ಲಿ ವಿಘಟನೆ ಎಂದೂ ಬಳಸುವುದುಂಟು. ಇದರ ಸೌಮ್ಯ ರೂಪ ಎಲ್ಲರಿಗೂ ಪರಿಚಿತ. ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡು ದಾಟುವ ಲಾರಿ ಚಾಲಕನಿಗೆ ಯೋಚನೆಯ ಗುಂಗಿನಲ್ಲಿ ನಡುವಿನ ನಾಲ್ಕಾರು ಮೈಲಿ ಹೇಗೆ ಕಳೆಯಿತೆಂದೇ ನೆನಪಿರುವುದಿಲ್ಲ, ಆದರೂ ಗೇರು ಬ್ರೇಕು ಸರಿಯಾಗಿಯೇ ಬಿದ್ದಿರುತ್ತವೆ. ತೀವ್ರ ರೂಪದಲ್ಲಿ ಬದುಕಿನ ಒಂದು ಭಾಗದ ನೆನಪೇ ಅಳಿಸಿಹೋಗಬಹುದು, ನರಕ್ಕೆ ಏನೂ ಆಗದಿದ್ದರೂ ಕಾಲು ಸ್ವಾಧೀನ ತಪ್ಪಬಹುದು, ಮೂರ್ಛೆರೋಗವಿಲ್ಲದೆಯೂ ಫಿಟ್ಸ್ ಬರಬಹುದು, ಮಾತನಾಡುವ 'ನಾನು' ಬೇರೆಯೇ ಆಗಿಬಿಡಬಹುದು. ಎಚ್ಚರ ಕಿರಿದಾಗಿ ಒಂದೇ ಕಡೆ ನೆಟ್ಟು, ವ್ಯಕ್ತಿ ಮಾತ್ರ ತಾನಾಗಿಯೇ ಉಳಿದರೆ ಅದು ಟ್ರಾನ್ಸ್. ಆ ಸ್ಥಿತಿಯಲ್ಲಿ ತನ್ನ ಜಾಗವನ್ನು ಬೇರೊಂದು ಶಕ್ತಿ, ಆತ್ಮ ಅಥವಾ ದೇವರು ಹಿಡಿದಂತೆ ನಡೆದುಕೊಂಡರೆ ಅದು ಆವೇಶ.

1997ರಲ್ಲಿ ಮೈಸೂರಿನಿಂದ ಬೇರೆಯಾದ ಈ ಜಿಲ್ಲೆಗೆ ಆವೇಶ ಹೊಸದಲ್ಲ. ಪೂರ್ವಕ್ಕೆ ಮಲೆ ಮಹದೇಶ್ವರ ಬೆಟ್ಟ, ಕೊಳ್ಳೇಗಾಲದ ಬದಿಗೆ ಸಿದ್ದಪ್ಪಾಜಿಯ ಚಿಕ್ಕಲ್ಲೂರು, ನಡುವೆ ಸೋಲಿಗರ ಬಿಳಿಗಿರಿರಂಗನ ಬೆಟ್ಟ, ಊರೂರಿಗೂ ಒಬ್ಬಳು ಮಾರಮ್ಮ. ಶಿವರಾತ್ರಿ, ಯುಗಾದಿ, ದೀಪಾವಳಿ, ಅಮಾವಾಸ್ಯೆಗಳಲ್ಲಿ ಮಾದಪ್ಪನ, ಅಂದರೆ ಮಹದೇಶ್ವರನ, ಬೆಟ್ಟಕ್ಕೆ ಕೊಳ್ಳೇಗಾಲ, ಹನೂರು, ಕೌದಳ್ಳಿ ದಾಟಿ, ತಾಳಬೆಟ್ಟದಿಂದ ಏರು ಹತ್ತಿ ನಡೆದೇ ಹೋಗುವವರು ಸಾವಿರಾರು. ಒಪ್ಪೊತ್ತು, ನಿದ್ದೆಗೆಟ್ಟ ರಾತ್ರಿ, ಬರಿಗಾಲ ನಡಿಗೆ, ಒಂದೇ ಸಮನೆ ಕೂಗುವ 'ಉಘೇ ಉಘೇ', ಸಾಂಬ್ರಾಣಿ ಹೊಗೆ, ಜನಸಂದಣಿ, ಎಲ್ಲಕ್ಕಿಂತ ಮಿಗಿಲಾಗಿ 'ಇಲ್ಲಿ ದೇವರು ಬರುತ್ತದೆ' ಎಂಬ ಗಟ್ಟಿ ನಿರೀಕ್ಷೆ. ಟ್ರಾನ್ಸ್ ಬಗ್ಗೆ ಬರೆದ ವಿದ್ವಾಂಸರು ಜಗತ್ತಿನ ಬೇರೆ ಬೇರೆ ಕಡೆ ಕಂಡ ಕಾರಣಗಳ ಪಟ್ಟಿಯೂ ಇದೇ.

ಮಾರಿಹಬ್ಬದಲ್ಲಿ ಇದನ್ನು ಹತ್ತಿರದಿಂದ ಕಾಣಬಹುದು. ತಮಟೆಯ ಹೊಡೆತ ಮೊದಲು ನಿಧಾನ, ಕಳಶ ಹೊರಟ ಮೇಲೆ ಬಿರುಸು. ಬೆಳಗಿನಿಂದ ಉಪವಾಸವಿದ್ದ ಪೂಜಾರಿಯ ಕಾಲ ಬೆರಳು ಮೊದಲು ಅದುರುತ್ತದೆ. ನಡುಕ ತೊಡೆಗೆ, ಹೆಗಲಿಗೆ ಹತ್ತುತ್ತದೆ. ಪಕ್ಕದಲ್ಲಿ ನಿಂತವರಿಗೆ ಇದರ ಅಂದಾಜಿರುತ್ತದೆ. ಇಬ್ಬರು ಸೊಂಟ ಹಿಡಿಯುತ್ತಾರೆ, ಒಬ್ಬ ಕೈಗೆ ಬೇವಿನ ಸೊಪ್ಪೋ ಬೆತ್ತವೋ ಕೊಡುತ್ತಾನೆ. ದನಿ ಬದಲಾಗುತ್ತದೆ. 'ಯಾಕವ್ವ ಮುನಿಸಿಕೊಂಡೆ?' ಎಂದು ಊರ ಹಿರಿಯರು ಕೇಳುತ್ತಾರೆ. ಮಳೆ, ಬೆಳೆ, ಒಡೆದ ಮನೆ, ನಿಂತುಹೋದ ಹರಕೆ ಎಲ್ಲದಕ್ಕೂ ಉತ್ತರ ಬರುತ್ತದೆ. ಉತ್ತರ ಹಿಡಿಸದಿದ್ದರೆ ಜನ ದೇವರ ಜೊತೆಗೇ ಚೌಕಾಸಿಗಿಳಿಯುತ್ತಾರೆ. ಮಾತು ಮುಗಿದ ಮೇಲೆ ಕರ್ಪೂರ ಹಚ್ಚಿ, ಕಾಯಿ ಒಡೆದು, ತೀರ್ಥ ಚಿಮುಕಿಸಿದರೆ ಮೈ ಸಡಿಲಾಗುತ್ತದೆ. ಪೂಜಾರಿ ನೀರು ಕೇಳುತ್ತಾನೆ. ಮಾರನೆಯ ದಿನ ಎಂದಿನಂತೆ ತನ್ನ ಕೆಲಸಕ್ಕೆ ಹೋಗುತ್ತಾನೆ. ಇಲ್ಲಿ ರೋಗವೆಂದು ಹೇಳಲು ವೈದ್ಯನಿಗೆ ಏನೂ ಸಿಗುವುದಿಲ್ಲ. ಬರುವುದಕ್ಕೆ ದಿನವಿದೆ, ಹೋಗುವುದಕ್ಕೆ ವಿಧಿಯಿದೆ, ಬಂದವನಿಗೆ ನಷ್ಟವಿಲ್ಲ. ಗ್ರಾಮದೇವತೆಗಳ ಕುರಿತೇ ಸಂಶೋಧನೆ ಮಾಡಿದ ಕವಿ ಸಿದ್ಧಲಿಂಗಯ್ಯ 'ಅವತಾರಗಳು' ಪುಸ್ತಕದಲ್ಲಿ ಮೈಮೇಲೆ ದೇವರು ಬಂದವರ ನಡೆನುಡಿಯನ್ನು ನಗುನಗುತ್ತಲೇ ಚಿತ್ರಿಸಿದ್ದಾರೆ. ದೇವರನ್ನು ಗದರುವ, ಒಲಿಸುವ, ರೇಗಿಸುವ ಸಲಿಗೆ ಹಳ್ಳಿಗೆ ಸಹಜವಾಗಿಯೇ ಇದೆ.

ಈ ಭಾಗದ ಕೊಂಡೋತ್ಸವಗಳಲ್ಲಿ ಕೆಂಡ ಹಾಯುವುದಕ್ಕೂ ಮೈದುಂಬುವುದಕ್ಕೂ ಜನ ನಂಟು ಕಲ್ಪಿಸುತ್ತಾರೆ. ತಮಿಳುನಾಡಿನ ತಾಳವಾಡಿಯ ಕನ್ನಡ ಸೀಮೆ ದಾಟಿ, ದಿಂಬಂ ಘಾಟಿ ಇಳಿದರೆ ಸಿಗುವ ಬಣ್ಣಾರಿ ಅಮ್ಮನ ಕೊಂಡಕ್ಕೆ ಚಾಮರಾಜನಗರದ ಕಡೆಯಿಂದಲೂ ಭಕ್ತರು ಹೋಗುತ್ತಾರೆ. ಕಾಲು ಸುಡದಿರುವುದಕ್ಕೆ ಆವೇಶ ಬೇಕಿಲ್ಲ. ಬೂದಿ ಮುಚ್ಚಿದ ಕೆಂಡ ಶಾಖವನ್ನು ನಿಧಾನವಾಗಿ ಬಿಟ್ಟುಕೊಡುತ್ತದೆ, ಪಾದ ತಾಗುವುದು ಕ್ಷಣಮಾತ್ರ. ಎಡವಿದವನ, ತಡೆದು ನಿಂತವನ ಕಾಲು ಸುಡುತ್ತದೆ, ಎಷ್ಟೇ ಭಕ್ತಿಯಿದ್ದರೂ. ಆದರೆ ಅಲ್ಲಿ ಮನಸ್ಸುಗಳ ನಡುವೆ ನಡೆಯುವುದು ಸುಳ್ಳಲ್ಲ. ಸ್ಪೇನಿನ ಸಾನ್ ಪೆದ್ರೊ ಮನ್ರಿಕೆ ಎಂಬ ಹಳ್ಳಿಯ ಕೆಂಡದ ಹಬ್ಬದಲ್ಲಿ ಸಂಶೋಧಕರು ಹಾಯುವವರ ಮತ್ತು ನೋಡುವವರ ಎದೆಬಡಿತವನ್ನು ಅಳೆದು 2011ರಲ್ಲಿ ಪ್ರಕಟಿಸಿದರು. ಹಾಯುವವನ ನೆಂಟರು, ಗೆಳೆಯರು ಸುಮ್ಮನೆ ಕೂತು ನೋಡುತ್ತಿದ್ದರೂ ಅವರ ಎದೆಬಡಿತದ ಏರಿಳಿತ ಅವನದಕ್ಕೇ ಹೊಂದಿಕೊಂಡಿತ್ತು. ಸಂಬಂಧವಿಲ್ಲದ ಪ್ರವಾಸಿಗರಲ್ಲಿ ಹಾಗಾಗಲಿಲ್ಲ.

ಕೊಳ್ಳೇಗಾಲದ ಬಳಿಯ ಪಾಳ್ಯ ಗ್ರಾಮದ ಸೀಗಮಾರಮ್ಮನ ಹಬ್ಬ ಇನ್ನೂ ವಿಚಿತ್ರ. ವರ್ಷಗಳ ಅಂತರದಲ್ಲಿ ನಡೆಯುವ ಈ ಹಬ್ಬದಲ್ಲಿ 'ಬಲಿ' ಬೀಳುವ ವ್ಯಕ್ತಿ ಪ್ರಜ್ಞೆ ತಪ್ಪಿದವನಂತೆ ಒರಗುತ್ತಾನೆ, ಅವನನ್ನು ಹೊತ್ತು ಮೆರೆಸುತ್ತಾರೆ, ಕೊನೆಗೆ ತೀರ್ಥ ಹಾಕಿ ಎಬ್ಬಿಸುತ್ತಾರೆ. ಹಿಂದಿನ ನರಬಲಿಯ ನೆನಪು ಇದರಲ್ಲಿ ಆಚರಣೆಯಾಗಿ ಉಳಿದಿದೆ ಎನ್ನುವವರಿದ್ದಾರೆ. ವೈದ್ಯರ ಪಟ್ಟಿಯಲ್ಲಿ, ಮೈಗೆ ಏನೂ ಆಗದೆ ಮನಸ್ಸಿನ ಕಾರಣದಿಂದ ಮಾತು, ಚಲನೆ ನಿಂತುಹೋಗುವ ಸ್ಥಿತಿಗೆ ಬೇರೆಯೇ ಹೆಸರಿದೆ. ಹಬ್ಬದಲ್ಲಿ ಬಿದ್ದವನಿಗೆ ಆ ಹೆಸರು ಅಂಟಿಸುವುದು ದುಡುಕಾದೀತು.

ಹಾಗೆಂದು ಈ ಸೀಮೆಯ ಭಕ್ತಿಯೆಲ್ಲ ಆವೇಶವಲ್ಲ. ಬೀಸು ಕಂಸಾಳೆಯಲ್ಲಿ ದೇವರಗುಡ್ಡರು ಎಷ್ಟೇ ರಭಸದಿಂದ ಹಾರಿ ಕುಣಿದರೂ ತಾಳದ ಬಟ್ಟಲು ಒಂದಿಷ್ಟೂ ತಪ್ಪುವುದಿಲ್ಲ. ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರು ರಾತ್ರಿಯಿಡೀ ಕಥೆಯ ಎಳೆ ಕೈಬಿಡುವುದಿಲ್ಲ. ಅದು ಪೂರ್ತಿ ಎಚ್ಚರದ, ಕಲಿತ ವಿದ್ಯೆ.

ಯುರೋಪಿನಲ್ಲಿ ಈ ವಿಷಯ ವೈದ್ಯರ ಕೈಗೆ ಬಂದದ್ದು ಹಿಸ್ಟೀರಿಯಾ ಎಂಬ ಹೆಸರಿನಲ್ಲಿ. ಪ್ಯಾರಿಸ್ಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯಲ್ಲಿ ನರವೈದ್ಯ ಶಾರ್ಕೋ ರೋಗಿಗಳನ್ನು ವಿದ್ಯಾರ್ಥಿಗಳ ಮುಂದೆ ಸಮ್ಮೋಹನಕ್ಕೆ ಒಳಪಡಿಸಿ ತೋರಿಸುತ್ತಿದ್ದರು. ಮನಶ್ಶಾಸ್ತ್ರಜ್ಞ ಪಿಯೆರ್ ಜಾನೆ 1889ರ ತಮ್ಮ ಗ್ರಂಥದಲ್ಲಿ, ತಡೆಯಲಾರದ ಆಘಾತ ಬಂದಾಗ ಅನುಭವದ ಒಂದು ತುಂಡು ಪ್ರಜ್ಞೆಯಿಂದ ಬೇರ್ಪಟ್ಟು ತನ್ನಷ್ಟಕ್ಕೆ ತಾನೇ ನಡೆಯತೊಡಗುತ್ತದೆ ಎಂಬ ವಿವರಣೆ ಕೊಟ್ಟರು. ಫ್ರಾಯ್ಡ್‌ನ ಅಬ್ಬರದಲ್ಲಿ ಜಾನೆ ಬಹುಕಾಲ ಮರೆಯಾದರು. 1980ರಲ್ಲಿ ಅಮೆರಿಕದ ಮನೋವೈದ್ಯ ಸಂಘ ತನ್ನ ಕೈಪಿಡಿಯ ಮೂರನೆಯ ಆವೃತ್ತಿಯಲ್ಲಿ ಹಿಸ್ಟೀರಿಯಾವನ್ನು ಕೈಬಿಟ್ಟು, ಡಿಸೋಸಿಯೇಟಿವ್ ಕಾಯಿಲೆಗಳೆಂಬ ಪ್ರತ್ಯೇಕ ಗುಂಪು ಮಾಡಿತು. ಮುಂದಿನ ವರ್ಷಗಳಲ್ಲಿ ಅಲ್ಲಿ ಬಹುವ್ಯಕ್ತಿತ್ವದ, ಅಂದರೆ ಒಬ್ಬರೊಳಗೇ ಹಲವು 'ನಾನು' ಇರುವ, ರೋಗಿಗಳ ಸಂಖ್ಯೆ ಒಮ್ಮೆಲೇ ಏರಿತು. 1957ರ 'ದಿ ತ್ರೀ ಫೇಸಸ್ ಆಫ್ ಈವ್' ಸಿನಿಮಾ, 1973ರ 'ಸಿಬಿಲ್' ಪುಸ್ತಕ ಆ ರೋಗದ ಚಿತ್ರವನ್ನು ಜನರ ಮನಸ್ಸಿನಲ್ಲಿ ಆಗಲೇ ಅಚ್ಚೊತ್ತಿದ್ದವು.

ಭಾರತದ ಆಸ್ಪತ್ರೆಗಳಲ್ಲಿ ಮಾತ್ರ ಹಾಗೆ ಹತ್ತಾರು ವ್ಯಕ್ತಿತ್ವ ಹೊತ್ತು ಬರುವವರು ಕಾಣಲೇ ಇಲ್ಲವೆಂಬಷ್ಟು ಅಪರೂಪ. ಬಂದದ್ದು ದೇವರು, ದೆವ್ವ, ಸತ್ತ ಅತ್ತೆ. ಚಂಡೀಗಡದ ವಿ.ಕೆ. ವರ್ಮ, ಎನ್.ಎನ್. ವಿಗ್ ಮತ್ತು ಜೊತೆಗಾರರು 1981ರಲ್ಲಿ ಈ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು, ಪಶ್ಚಿಮದಲ್ಲಿ ಬಹುವ್ಯಕ್ತಿತ್ವ ನಿಂತಿರುವ ಜಾಗದಲ್ಲೇ ಇಲ್ಲಿ ಆವೇಶ ನಿಂತಿದೆ, ರೂಪ ಕೊಡುವುದು ಆಯಾ ಸಮಾಜದ ನಂಬಿಕೆ ಎಂದು ವಾದಿಸಿದರು. ಅದೇ ವರ್ಷ ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ಸಿ.ಆರ್. ಚಂದ್ರಶೇಖರ್ ಸಾಂಕ್ರಾಮಿಕದಂತೆ ಹಬ್ಬಿದ ಮೈಮೇಲೆ ಬರುವಿಕೆಗೆ ಸಿಕ್ಕಿದ ಒಬ್ಬರ ಪ್ರಕರಣವನ್ನು ವೈದ್ಯಪತ್ರಿಕೆಯಲ್ಲಿ ಬರೆದರು. ಕನ್ನಡಿಗರಿಗೆ ಮನಸ್ಸಿನ ಕಾಯಿಲೆಗಳನ್ನು ನೂರಾರು ಪುಸ್ತಕ, ಲೇಖನಗಳಲ್ಲಿ ತಿಳಿಹೇಳಿದವರೂ ಅವರೇ. ನಿಮ್ಹಾನ್ಸ್‌ನಲ್ಲಿ ಹತ್ತು ವರ್ಷಗಳಲ್ಲಿ ದಾಖಲಾದ ಡಿಸೋಸಿಯೇಟಿವ್ ಪ್ರಕರಣಗಳನ್ನು ಸಂತೋಷ್ ಚತುರ್ವೇದಿ ಮತ್ತು ಸಂಗಡಿಗರು 2010ರಲ್ಲಿ ವಿಶ್ಲೇಷಿಸಿದಾಗ ಮುಂದಿದ್ದದ್ದು ಕೈಕಾಲು ಸ್ವಾಧೀನ ತಪ್ಪುವುದು, ಅದರ ನಂತರ ಫಿಟ್ಸ್‌ನಂಥ ಸೆಳೆತ. ಮೈಮೇಲೆ ಬರುವವರಲ್ಲಿ ಹೆಚ್ಚಿನವರು ಆಸ್ಪತ್ರೆಯ ಮೆಟ್ಟಿಲು ಹತ್ತುವುದಕ್ಕಿಂತ ಮೊದಲು ಗುಡಿಯ ಮೆಟ್ಟಿಲು ಹತ್ತಿರುತ್ತಾರೆ ಎಂಬುದನ್ನೂ ಇಲ್ಲಿ ನೆನೆಯಬೇಕು.

ಹಳ್ಳಿಗೇ ಹೋಗಿ ನೋಡಿದವರು ಮನೋವೈದ್ಯರಾದ ಜಿ.ಎಂ. ಕಾರ್‌ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್. ಉಡುಪಿ ಸೀಮೆಯ ಕೋಟದಲ್ಲಿ ಬ್ರಾಹ್ಮಣ, ಬಂಟ, ಮೊಗವೀರ ಸಮುದಾಯಗಳ ಮನಸ್ಸಿನ ತೊಂದರೆಗಳನ್ನು ಅಳೆದ ಅವರ ಪುಸ್ತಕ ಬಂದದ್ದು 1976ರಲ್ಲಿ. ಊರಿನಲ್ಲಿ ವೈದ್ಯರು, ಮಂತ್ರವಾದಿಗಳು, ದೈವವನ್ನು ಮೈಮೇಲೆ ತಂದುಕೊಳ್ಳುವ ಪಾತ್ರಿಗಳು ಎಂದು ಮೂರು ಬಗೆಯ ಚಿಕಿತ್ಸಕರಿದ್ದಾರೆ, ಜನ ಒಬ್ಬರಿಂದ ಇನ್ನೊಬ್ಬರಿಗೆ ಸಲೀಸಾಗಿ ಹೋಗುತ್ತಾರೆ ಎಂಬುದನ್ನು ಅವರು ದಾಖಲಿಸಿದರು. ತುಳುನಾಡಿನಲ್ಲಿ ದೀರ್ಘಕಾಲ ಕೆಲಸ ಮಾಡಿದ ಮಾನವಶಾಸ್ತ್ರಜ್ಞ ಪೀಟರ್ ಕ್ಲಾಸ್ ಇನ್ನೊಂದು ಹೆಜ್ಜೆ ಮುಂದೆ ಹೋದರು: ಬಯಸದವರನ್ನು ಭೂತ ಹಿಡಿಯುವುದೇ ಬೇರೆ, ಗೊತ್ತಾದ ಪಾತ್ರಿ ವಿಧಿಬದ್ಧವಾಗಿ ದೈವವನ್ನು ಮೈಮೇಲೆ ತಂದುಕೊಳ್ಳುವುದೇ ಬೇರೆ. ಒಂದರಿಂದ ಇನ್ನೊಂದಕ್ಕೆ ದಾಟಿಸುವ ಸೇತುವೆಯೂ ಅಲ್ಲಿದೆ. ನಂದಳಿಕೆ, ಕವತ್ತಾರು, ಹಿರಿಯಡ್ಕಗಳಲ್ಲಿ ತುಳು ಪಾಡ್ದನದ ನಾಯಕಿ ಸಿರಿಯ ಹೆಸರಿನಲ್ಲಿ ನಡೆಯುವ ಜಾತ್ರೆಯಲ್ಲಿ ಬಿಳಿ ಸೀರೆಯುಟ್ಟು, ಕೈಯಲ್ಲಿ ಹಿಂಗಾರ ಹಿಡಿದ ಹೆಂಗಸರು ರಾತ್ರಿಯಿಡೀ ಸಿರಿಯಾಗಿ, ಅವಳ ಮಕ್ಕಳು ಮೊಮ್ಮಕ್ಕಳಾಗಿ ಮಾತನಾಡುತ್ತಾರೆ. ಮನೆಯಲ್ಲಿ ಹೊತ್ತುಗೊತ್ತಿಲ್ಲದೆ ಆವೇಶ ಬಂದು ಕಂಗೆಟ್ಟ ಹೆಣ್ಣುಮಗಳನ್ನು ಅಲ್ಲಿಗೆ ಕರೆತಂದರೆ, ಸಿರಿಯ ಮಗ ಕುಮಾರನ ಪಾತ್ರಿ ಅವಳಿಂದ ಹೆಸರು ಹೇಳಿಸಿ, ಕಥೆಯೊಳಗೆ ಒಂದು ಜಾಗ ಕೊಡುತ್ತಾನೆ. ಆಮೇಲೆ ಬರುವುದು ಜಾತ್ರೆಯ ದಿನ ಮಾತ್ರ. ಕಾಟ ನಿಲ್ಲದಿದ್ದರೂ ಅದಕ್ಕೆ ಕ್ಯಾಲೆಂಡರ್ ಸಿಕ್ಕಿತು ಎನ್ನಬಹುದು.

ಇಡೀ ಜಗತ್ತಿನ ಮಟ್ಟದಲ್ಲಿ ಇದನ್ನು ಎಣಿಸಿದವರು ಮಾನವಶಾಸ್ತ್ರಜ್ಞೆ ಎರಿಕಾ ಬುರ್ಗಿನ್ಯೋ. ಅವರು 1973ರಲ್ಲಿ ಪ್ರಕಟಿಸಿದ ಲೆಕ್ಕದಂತೆ 488 ಸಮಾಜಗಳಲ್ಲಿ 437ರಲ್ಲಿ, ಅಂದರೆ ಶೇ 90ರಷ್ಟರಲ್ಲಿ, ಪ್ರಜ್ಞೆಯ ಬದಲಾದ ಸ್ಥಿತಿಗೆ ಆ ಸಮಾಜವೇ ಒಪ್ಪಿದ ಯಾವುದಾದರೊಂದು ಆಚರಣೆಯಿತ್ತು. ಆಫ್ರಿಕಾದ ಸುಡಾನ್, ಇಥಿಯೋಪಿಯ, ಸೊಮಾಲಿಯಗಳಲ್ಲಿ ಜಾರ್ ಎಂಬ ಆತ್ಮಗಳು ಹೆಚ್ಚಾಗಿ ವಿವಾಹಿತ ಹೆಂಗಸರನ್ನು ಹಿಡಿಯುತ್ತವೆ. ಬಿಡಿಸುವುದಕ್ಕಿಂತ ಹೊಸ ಬಟ್ಟೆ, ಸುಗಂಧ, ಔತಣ ಕೊಟ್ಟು ಒಪ್ಪಂದಕ್ಕೆ ಬರುವುದೇ ರೂಢಿ. ಹೈಟಿಯ ವೋಡೂವಿನಲ್ಲಿ, ಬ್ರೆಜಿಲ್‌ನ ಕಂದೋಂಬ್ಲೆಯಲ್ಲಿ ಭಕ್ತರ ಮೈದುಂಬದೆ ಪೂಜೆಯೇ ಪೂರ್ತಿಯಾಗದು. ಮಾನವಶಾಸ್ತ್ರಜ್ಞ ಐ.ಎಂ. ಲೂಯಿಸ್ 1971ರಲ್ಲಿ, ದನಿಯಿಲ್ಲದವರಿಗೆ, ಮುಖ್ಯವಾಗಿ ಹೆಂಗಸರಿಗೆ, ಆವೇಶವೊಂದು ದೂರು ಹೇಳುವ ದಾರಿ ಎಂದರು. ಗಂಡನನ್ನು ಏಕವಚನದಲ್ಲಿ ಬೈಯಲಾಗದ ಸೊಸೆ ಮಾರಮ್ಮನಾಗಿ ಬೈದರೆ ಮಾವನೂ ತಲೆತಗ್ಗಿಸಿ ಕೇಳುತ್ತಾನೆ ಎಂಬುದನ್ನು ಬಲ್ಲವರಿಗೆ ಈ ಮಾತು ನಿಜವೆನಿಸುತ್ತದೆ. ಆದರೂ ಇದು ಅರ್ಧ ನಿಜ. ಮಾದಪ್ಪನ, ಮಾರಮ್ಮನ ನೆಲದಲ್ಲಿ ಊರೆಲ್ಲ ಒಪ್ಪಿದ ಗಂಡಸರ ಮೈಮೇಲೂ ದೇವರು ಬರುತ್ತದೆ. ದೂರು ಹೇಳಿದ ಸೊಸೆಯ ಪಾಡು ಮರುದಿನ ಬದಲಾಗಿರುತ್ತದೆಂಬ ಖಾತ್ರಿಯೂ ಇಲ್ಲ.

ಇಷ್ಟೆಲ್ಲ ಆದ ಮೇಲೆ ವರ್ಗೀಕರಣದ ಪುಸ್ತಕಗಳು ಬದಲಾದವು. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯ ಹತ್ತನೆಯ ಆವೃತ್ತಿ 1992ರಲ್ಲಿಯೇ ಟ್ರಾನ್ಸ್ ಮತ್ತು ಆವೇಶದ ಕಾಯಿಲೆಗೆ ಜಾಗ ಕೊಟ್ಟಿತು, ಒಂದು ಷರತ್ತಿನೊಂದಿಗೆ: ತಾನಾಗಿ ಬಯಸದೆ ಬಂದಿರಬೇಕು, ಧರ್ಮ ಅಥವಾ ಸಂಸ್ಕೃತಿ ಒಪ್ಪಿದ ಸಂದರ್ಭದ ಹೊರಗಿರಬೇಕು. ಅಮೆರಿಕದ ಕೈಪಿಡಿ 1994ರಲ್ಲಿ ಇದನ್ನು ಅನುಬಂಧಕ್ಕೆ ತಳ್ಳಿ, 2013ರಲ್ಲಿ ಬಹುವ್ಯಕ್ತಿತ್ವದ ಲಕ್ಷಣಗಳೊಳಗೇ ಆವೇಶವನ್ನೂ ಸೇರಿಸಿತು. 2022ರ ಜನವರಿಯಿಂದ ಜಾರಿಯಾದ ಹನ್ನೊಂದನೆಯ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಟ್ರಾನ್ಸ್ ಒಂದು ಕಾಯಿಲೆ, ಆವೇಶದ ಟ್ರಾನ್ಸ್ ಇನ್ನೊಂದು, ಬಹುವ್ಯಕ್ತಿತ್ವ ಮತ್ತೊಂದು. ಮೂರಕ್ಕೂ ಸಂಕಟ ಅಥವಾ ಬದುಕಿನ ನಡೆಗೆ ತೊಡಕು ಇರಲೇಬೇಕು. ಮಾರಿಹಬ್ಬದ ಪೂಜಾರಿ ಈ ಪಟ್ಟಿಯಿಂದ ಹೊರಗೇ ಉಳಿಯುತ್ತಾನೆ.

ಒಳಗೆ ಬರುವವರು ಯಾರು? ಜಿಲ್ಲೆಯ ವೈದ್ಯರಿಗೆ ಪರಿಚಿತವಾದ ಚಿತ್ರವೆಂದರೆ ಮದುವೆಯಾಗಿ ವರ್ಷ ಎರಡು ವರ್ಷವಾದ ಎಳೆಯ ಹೆಣ್ಣುಮಗಳು, ಇಲ್ಲವೆ ಪರೀಕ್ಷೆಯ ಹೊಸ್ತಿಲಲ್ಲಿರುವ ಹುಡುಗಿ. ಮೊದಲು ತಲೆಸುತ್ತು, ಆಮೇಲೆ ಬೀಳುವುದು, ಕೈಕಾಲು ಸೆಟೆಯುವುದು, ಒಂದು ದಿನ ಬೇರೆ ದನಿಯಲ್ಲಿ ಮಾತು. ತಾಯತ, ನಿಂಬೆಹಣ್ಣು, ಕಣಿ ಎಲ್ಲ ಮುಗಿದಿರುತ್ತವೆ. ಇಲ್ಲಿ ಮೊದಲ ಕೆಲಸ ನಿಜವಾದ ಮೂರ್ಛೆರೋಗವಲ್ಲವೆಂದು ಖಚಿತಪಡಿಸಿಕೊಳ್ಳುವುದು. ಮೂರ್ಛೆರೋಗದಲ್ಲಿ ಸಾಮಾನ್ಯವಾಗಿ ಕಣ್ಣು ತೆರೆದಿರುತ್ತದೆ, ನಾಲಗೆಯ ಅಂಚು ಕಚ್ಚಿ ಗಾಯವಾಗಬಹುದು, ಒಂದೆರಡು ನಿಮಿಷದಲ್ಲಿ ಸೆಳೆತ ನಿಂತು ಆಮೇಲೆ ಮಂಕು ಕವಿಯುತ್ತದೆ. ಡಿಸೋಸಿಯೇಟಿವ್ ಸೆಳೆತದಲ್ಲಿ ಕಣ್ಣು ಬಿಗಿಯಾಗಿ ಮುಚ್ಚಿರುವುದು, ತಲೆ ಅತ್ತಿಂದಿತ್ತ ಹೊರಳುವುದು, ನಿಂತು ನಿಂತು ಮತ್ತೆ ಬಹಳ ಹೊತ್ತು ನಡೆಯುವುದು ಹೆಚ್ಚು. ಒಬ್ಬರಲ್ಲೇ ಎರಡೂ ಇರುವುದುಂಟು. ಅನುಮಾನ ಬಂದರೆ ವಿಡಿಯೊ ಜೊತೆಗಿನ ಇಇಜಿ ಬೇಕಾಗುತ್ತದೆ. ವಾರಗಟ್ಟಲೆ ಬಿಡದೆ ಕಿವಿಯಲ್ಲಿ ಮಾತು ಕೇಳಿಸುವುದು, ಸಂಶಯ, ನಿದ್ದೆಗೆಡುವುದು ಜೊತೆಗಿದ್ದರೆ ಅದು ಸೈಕೋಸಿಸ್ ಆಗಿರಬಹುದು. ಅದಕ್ಕೆ ಔಷಧ ತಡವಾದಷ್ಟೂ ನಷ್ಟ.

'ನಾಟಕ ಮಾಡುತ್ತಿದ್ದಾಳೆ' ಎಂಬುದು ಮನೆಯವರ, ಕೆಲವೊಮ್ಮೆ ಆಸ್ಪತ್ರೆ ಸಿಬ್ಬಂದಿಯ ಬಾಯಲ್ಲೂ ಸುಲಭವಾಗಿ ಬರುವ ಮಾತು. ಡಿಸೋಸಿಯೇಷನ್ ನಾಟಕವಲ್ಲ, ಬೇಕೆಂದು ಶುರುಮಾಡಿದ್ದಲ್ಲ, ಬೇಡವೆಂದರೆ ನಿಲ್ಲುವುದೂ ಇಲ್ಲ. ಈ ಕಾಯಿಲೆಗೆಂದೇ ಇರುವ ಮಾತ್ರೆಯೂ ಇಲ್ಲ. ಜೊತೆಗೆ ಖಿನ್ನತೆ, ಆತಂಕವಿದ್ದರೆ ಅದಕ್ಕೆ ಔಷಧ ಕೊಡುತ್ತಾರೆ. ಉಳಿದದ್ದು ಮಾತು: ಏನಾಗುತ್ತಿದೆ ಎಂದು ಹೆದರಿಸದೆ ವಿವರಿಸುವುದು, ಬಂದಾಗ ಗುಂಪುಗೂಡದಂತೆ ಮನೆಯವರಿಗೆ ಹೇಳುವುದು, ಒಬ್ಬಳನ್ನೇ ಕೂರಿಸಿಕೊಂಡು ಕುಡುಕ ಗಂಡ, ಓದು ಬಿಡಿಸಿದ ಸಿಟ್ಟು, ಯಾರಿಗೂ ಹೇಳಲಾಗದ ದೌರ್ಜನ್ಯ ಇಂಥದ್ದೇನಿದೆಯೆಂದು ತಾಳ್ಮೆಯಿಂದ ಕೇಳುವುದು.

ಗುಡಿಗಳಿಂದ ಏನೂ ಒಳ್ಳೆಯದಾಗದು ಎನ್ನುವಂತಿಲ್ಲ. ನಿಮ್ಹಾನ್ಸ್‌ನ ಆರ್. ರಘುರಾಮ್ ಮತ್ತು ಸಹೋದ್ಯೋಗಿಗಳು ತಮಿಳುನಾಡಿನ ವೇಲಾಯುಧಂಪಾಳಯಂಪುದೂರಿನ ಮುತ್ತುಸ್ವಾಮಿ ಗುಡಿಯಲ್ಲಿ ತಂಗಿದ್ದ 31 ಮಂದಿಯನ್ನು ಪರೀಕ್ಷಿಸಿ 2002ರಲ್ಲಿ ವರದಿ ಮಾಡಿದರು. ಬಹುಪಾಲು ಗಂಭೀರ ಮನೋರೋಗಿಗಳು. ಗುಡಿಯ ಸಣ್ಣಪುಟ್ಟ ಕೆಲಸ ಮಾಡಿಕೊಂಡು, ಮನೆಯವರ ಜೊತೆ ವಾರಗಟ್ಟಲೆ ಇದ್ದರು. ರೋಗಲಕ್ಷಣಗಳ ಅಳತೆ ಸುಮಾರು ಶೇ 20ರಷ್ಟು ಇಳಿದಿತ್ತು. ಅಲ್ಲಿ ಪವಾಡವೂ ಇರಲಿಲ್ಲ, ಬಡಿತವೂ ಇರಲಿಲ್ಲ. ಅದೇ ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ದರ್ಗಾದ ಬಳಿಯ ಖಾಸಗಿ ಆಶ್ರಯದ ಚಪ್ಪರಕ್ಕೆ ಬೆಂಕಿ ಬಿದ್ದಾಗ ಸರಪಳಿ ಬಿಗಿದಿದ್ದ 28 ಮನೋರೋಗಿಗಳು ಓಡಲಾಗದೆ ಸತ್ತರು. 2017ರ ಮಾನಸಿಕ ಆರೋಗ್ಯ ಪಾಲನೆ ಕಾಯ್ದೆ ರೋಗಿಗೆ ಸರಪಳಿ ಹಾಕುವುದನ್ನು ಯಾವ ರೂಪದಲ್ಲೂ ನಿಷೇಧಿಸಿದೆ. ಕರ್ನಾಟಕದಲ್ಲಿ 2017ರಲ್ಲಿ ಅಂಗೀಕಾರವಾಗಿ 2020ರಲ್ಲಿ ಜಾರಿಗೆ ಬಂದ ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆ ಕಾಯ್ದೆಯ ಪ್ರಕಾರ ದೆವ್ವ ಬಿಡಿಸುವ ನೆಪದಲ್ಲಿ ಕಟ್ಟಿಹಾಕುವುದು, ಹೊಡೆಯುವುದು ಅಪರಾಧ. ಮಾರಮ್ಮನಿಗೆ ಹರಕೆ ಹೊರುವುದಕ್ಕೆ ಇದರಿಂದ ಅಡ್ಡಿಯಿಲ್ಲ.

ಹಳ್ಳಿಗೆ ಹತ್ತಿರದ ಚಿಕಿತ್ಸೆಯ ಮಾದರಿ ಹುಟ್ಟಿದ್ದೂ ಕರ್ನಾಟಕದಲ್ಲೇ. 1980ರ ದಶಕದ ನಡುವೆ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಕೊಟ್ಟು ನಡೆಸಿದ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಚಾಮರಾಜನಗರದಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ರಾಜ್ಯದ ಮನೋಚೈತನ್ಯ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರದಂದು ಮನೋವೈದ್ಯರು ಬರುವ ಏರ್ಪಾಡಿದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿಗೆ 14416 ಒತ್ತಿದರೆ ಕನ್ನಡದಲ್ಲೇ ಮಾತನಾಡಬಹುದು. ನಂಬಿಕೆಯ ಜಾಗಕ್ಕೇ ಚಿಕಿತ್ಸೆ ಹೋದ ಉದಾಹರಣೆಯೂ ಇದೆ: ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ 'ದವಾ–ದುವಾ' ಎಂಬ ಹೆಸರಿನಲ್ಲಿ ದರ್ಗಾ ನೋಡಿಕೊಳ್ಳುವ ಮುಜಾವರರೂ ಮನೋವೈದ್ಯರೂ ಒಂದೇ ಆವರಣದಲ್ಲಿ ಕೆಲಸ ಮಾಡುತ್ತಾರೆ. ಪ್ರಾರ್ಥನೆಗೆ ಬಂದವರಲ್ಲಿ ಯಾರನ್ನು ವೈದ್ಯರ ಬಳಿಗೆ ಕಳಿಸಬೇಕೆಂದು ಮುಜಾವರರಿಗೇ ತರಬೇತಿ ಕೊಟ್ಟಿದ್ದಾರೆ.